ಹಿನ್ನೀರಿನ ಮೇಲೆ ಐತನ ದನಿ

ಶೃಂಗೇರಿಗೆ ಬಂದವರು ಬೆಳಿಗ್ಗೆ ದೇವರಿಗೆ ಕೈಮುಗಿದು, ತುಂಗೆಯ ಮೀನುಗಳಿಗೆ ಮಂಡಕ್ಕಿ ಎಸೆದು, ಕೊಪ್ಪದಲ್ಲಿ ಊಟ ಮುಗಿಸಿ, ಸಂಜೆಯ ಹೊತ್ತಿಗೆ ನರಸಿಂಹರಾಜಪುರದ ಹಿನ್ನೀರಿಗೆ ಬರುತ್ತಾರೆ. ಬಂದವರು ಕಾರಿನಿಂದ ಇಳಿಯುತ್ತಲೇ ಕೇಳುವುದು ಒಂದೇ: ಇಲ್ಲಿ ನೋಡೋಕೇನಿದೆ? ಕಣ್ಣು ಹಾಯಿಸಿದಷ್ಟೂ ಭದ್ರೆಯ ನೀರು ನಿಂತಿರುವಾಗ ಹೀಗೆ ಕೇಳುವವರಿಗೆ ಏನು ಹೇಳಬೇಕೋ ನನಗಂತೂ ತಿಳಿಯದು. ಐತನಿಗೆ ತಿಳಿದಿತ್ತು. ಅವನು ತೆಪ್ಪವನ್ನು ದಡಕ್ಕೆ ಒತ್ತಿ ಹಿಡಿದು, "ಹತ್ತಿ ಮಾರಾಯ್ರೆ. ನೋಡೋದೆಲ್ಲ ನೀರಿನಡೀಲಿ ಇರೋದು" ಎನ್ನುತ್ತಿದ್ದ.

ಐತನಿಗೆ ಈಗ ಐವತ್ತೇಳು. ಬೆಳಗಿನ ಜಾವ ಬಲೆ, ಹಗಲು ತೋಟದ ಕೂಲಿ, ಪ್ರವಾಸಿಗರು ಬಂದ ಸಂಜೆ ತೆಪ್ಪ. ಓದು ಮೂರನೇ ಕ್ಲಾಸಿಗೇ ನಿಂತರೂ ಅಣೆಕಟ್ಟಿನ ನೀರಲ್ಲಿ ಮುಳುಗಿದ ಊರು ಅವನಿಗೆ ಬಾಯಿಪಾಠ. ಆಚೆ ದಡದ ಬೋಳುಗುಡ್ಡದ ನೆತ್ತಿಯೂ ನೀರಲ್ಲೇ ಒಣಗಿ ನಿಂತ ಮತ್ತಿಮರವೂ ಒಂದೇ ಗೆರೆಗೆ ಬಂದವೆಂದರೆ ಹುಟ್ಟು ಹಾಕುವುದನ್ನು ನಿಲ್ಲಿಸುತ್ತಿದ್ದ. ಕೆಳಗೆ ಊರಬಾವಿ. ಇನ್ನಷ್ಟು ಮುಂದೆ ಗಾಡಿರಸ್ತೆ. ಅದರ ತಿರುವಿನಲ್ಲಿ ಅಂಗಡಿ.

"ಇಲ್ಲೇ ಸುಬ್ಬರಾಯನ ಅಂಗಡಿ ಇದ್ದಿದ್ದು. ಬೆಲ್ಲಕ್ಕೆ ಮರಳು ಬೆರೆಸ್ತಿದ್ನಂತೆ. ಅಂಗಡಿ ಮುಳುಗಿ ಅರವತ್ತು ವರ್ಷ ಆಯ್ತು, ನಮ್ಮವ್ವನ ಸಿಟ್ಟು ಮಾತ್ರ ಮುಳುಗ್ಲಿಲ್ಲ ನೋಡಿ" ಎಂದರೆ ತೆಪ್ಪದಲ್ಲಿದ್ದವರೆಲ್ಲ ನಗುತ್ತಿದ್ದರು.

ಐತ ಆ ಊರನ್ನು ಕಣ್ಣಾರೆ ಕಂಡವನಲ್ಲ. ಅವನು ಹುಟ್ಟುವ ಹೊತ್ತಿಗೆ ಅದು ನೀರಿನ ಪಾಲಾಗಿತ್ತು. ಕಂಡವಳು ಅವನ ತಾಯಿ ಕಮಲಕ್ಕ. ಊರಿನಿಂದ ಎಬ್ಬಿಸಿದ ಮೇಲೆ ಅವರ ಕುಟುಂಬ ದೂರ ಹೋಗದೆ ದಡದ ದಿಬ್ಬದಲ್ಲೇ ಗುಡಿಸಲು ಕಟ್ಟಿತು. ಅಲ್ಲಿ ಕುಳಿತು ಬೆರಳು ತೋರಿಸಿ ತೋರಿಸಿ ಕಮಲಕ್ಕ ಮಗನಿಗೆ ಊರನ್ನು ಕಲಿಸಿದಳು. ತಾನು ಮಾತ್ರ ಒಂದು ದಿನವೂ ನೀರಿಗೆ ಇಳಿಯಲಿಲ್ಲ.

ಒಂದು ಜಾಗದಲ್ಲಿ ಐತ ತೆಪ್ಪ ನಿಲ್ಲಿಸುತ್ತಿರಲಿಲ್ಲ. ನಿಲ್ಲಿಸುವುದಿರಲಿ, ಅಲ್ಲಿಗೆ ಹೋಗುತ್ತಲೇ ಇರಲಿಲ್ಲ. ಬಲೆ ಬೀಸುವಾಗಲೂ ಸುತ್ತು ಹಾಕಿಕೊಂಡೇ ದಾಟುತ್ತಿದ್ದ. ಅದು ಅವರ ಹಳೆಯ ಮನೆಯ ಹಿತ್ತಲು. ಕಮಲಕ್ಕನ ಚೊಚ್ಚಲು ಹೆಣ್ಣುಕೂಸು ಹುಟ್ಟಿದ ಹನ್ನೊಂದನೇ ದಿನ ಹೋಯಿತು. ಮಾರನೇ ದಿನ ಹೆಸರಿಡಬೇಕಿತ್ತು. ಹಾಗೆ ಹೋದ ಕೂಸನ್ನು ಹಿತ್ತಲಲ್ಲಿ ಹೂಳುವುದು, ಆಮೇಲೆ ಅದಕ್ಕೆ ಹೆಸರಿಡದಿರುವುದು ಅವರ ಪದ್ಧತಿ. ಹೆಸರಿಟ್ಟರೆ ಕೂಸು ಮನೆ ಹುಡುಕಿಕೊಂಡು ಬರುತ್ತದಂತೆ. ಆದರೆ ನೀರು ಹಿತ್ತಲಿಗೆ ಬಂದ ದಿನ ಕಮಲಕ್ಕನಿಗೆ ತಡೆಯಲಾಗಲಿಲ್ಲ. ಎಲ್ಲರೂ ಪಾತ್ರೆಪಗಡ ಹೊರುತ್ತಿದ್ದಾಗ ಒಬ್ಬಳೇ ಹೋಗಿ, ಬಗ್ಗಿ, ಮಣ್ಣಿಗೆ ಬಾಯಿಟ್ಟು ಒಂದು ಹೆಸರು ಕರೆದು ಬಂದಳು. ಹೆಸರೂ ಇಲ್ಲದೆ ನೀರಿನಡಿ ಹೋಗುವುದು ಬೇಡ ಎಂದಷ್ಟೇ. ಐತ ಮೊದಲ ಸಲ ಬಲೆ ತಗೊಂಡು ನೀರಿಗಿಳಿದ ವರ್ಷ ಅವನಿಗೆ ಜಾಗವನ್ನೂ ಹೆಸರನ್ನೂ ಹೇಳಿ, ಯಾರ ಮುಂದೂ ಬಾಯಿ ಬಿಡಬೇಡ ಎಂದು ಮಾತು ತಗೊಂಡಿದ್ದಳು. ಆ ಮಾತನ್ನು ಅವನು ಹೆಂಡತಿ ಕುಸುಮಾಳ ಹತ್ತಿರವೂ ಮುರಿಯಲಿಲ್ಲ.

ಆಮೇಲೆ ಬಂದ ಷಡಕ್ಷರಿ. ಭಂಡಿಗಡಿ ಕಡೆಯ ತೋಟದ ಮನೆತನದವನು. ಹಿನ್ನೀರಿನ ದಡದಲ್ಲಿ ಜಾಗ ಹಿಡಿದು ಹೋಂಸ್ಟೇ ಮಾಡಿದ. ಅವನು ಮೊದಲ ದಿನದಿಂದಲೂ "ಐತಣ್ಣ" ಎಂದ. ತೋಟವಿದ್ದವರು ಯಾರೂ ಐತನನ್ನು ಅಣ್ಣ ಎಂದು ಕರೆದಿರಲಿಲ್ಲ. ತನ್ನ ಪಕ್ಕದಲ್ಲೇ ಕೂರಿಸಿ ಊಟ ಹಾಕಿಸಿದ, ಬಂದ ಅತಿಥಿಗಳಿಗೆಲ್ಲ "ನಮ್ಮ ಐತಣ್ಣ" ಎಂದು ಪರಿಚಯಿಸಿದ. ಎರಡು ವರ್ಷ ಹೀಗೇ ನಡೆಯಿತು. ಐತ ಕರಗಿ ನೀರಾದ. ಯಾರಾದರೂ ಕರಗುತ್ತಿದ್ದರು.

ಹೋದ ಬೇಸಗೆಯಲ್ಲಿ ಷಡಕ್ಷರಿ, "ನಿಂಗೆ ಗೊತ್ತಿರೋದೆಲ್ಲ ನಿನ್ನ ಜೊತೇಲೇ ಹೋಗಿಬಿಡುತ್ತಲ್ಲ ಐತಣ್ಣ. ಹೇಳು, ಮೊಬೈಲಲ್ಲಿ ಹಿಡಿದಿಡ್ತೀನಿ. ನಿನ್ನ ಮೊಮ್ಮಕ್ಕಳು ಕೇಳ್ಲಿ" ಎಂದ. ಮೂರು ಮಧ್ಯಾಹ್ನ ಐತ ಹೇಳಿದ. ಮೂರನೆಯ ದಿನ ಮಾತು ಮುಗಿಯಿತೆಂದು ಷಡಕ್ಷರಿ ಮೊಬೈಲನ್ನು ಮೇಜಿನ ಮೇಲೆ ಮಗುಚಿಟ್ಟ. ತನ್ನ ತಂಗಿಯ ಮಗು ಆಸ್ಪತ್ರೆಯಲ್ಲಿ ತೀರಿಹೋದದ್ದನ್ನು ಹೇಳಿಕೊಂಡು ಕಣ್ಣು ಒರೆಸಿಕೊಂಡ. ಎದುರು ಕೂತವನು ಅಷ್ಟು ತೆರೆದು ಹೇಳಿಕೊಂಡಾಗ ತಾನು ಬಾಯಿ ಹೊಲಿದುಕೊಂಡು ಕೂರುವುದು ಐತನಿಗೆ ಸಣ್ಣತನ ಅನ್ನಿಸಿತು. ಅಕ್ಕನ ಕತೆ ಹೇಳಿದ. ಹಿತ್ತಲು ಹೇಳಿದ. ಹೆಸರನ್ನೂ ಹೇಳಿಬಿಟ್ಟ.

"ಇದನ್ನ ಯಾರ ಹತ್ರಾನೂ ಹೇಳ್ಬೇಡಿ ಸಾರ್."

"ನನ್ನಾಣೆ ಐತಣ್ಣ. ಇದು ನನ್ನಲ್ಲೇ ಇರುತ್ತೆ."

ಮಗುಚಿಟ್ಟ ಮೊಬೈಲ್ ಕಿವಿ ಮುಚ್ಚಿಕೊಂಡಿದೆ ಎಂದು ಐತ ತಿಳಿದಿದ್ದ. ತಪ್ಪು ಅವನದೇ ಅನ್ನುವವರು ಅನ್ನಲಿ.

ಮಳೆಗಾಲ ಕಳೆದು ಹಿನ್ನೀರು ತುಂಬಿ ನಿಂತಾಗ ಹೋಂಸ್ಟೇಗೆ ಮೋಟಾರ್ ಬೋಟ್ ಬಂತು. ಇನ್ನು ತನ್ನ ತೆಪ್ಪದ ಗತಿಯೇನೆಂದು ಐತ ಕೇಳಲು ಹೋದರೆ ಷಡಕ್ಷರಿ, "ಈಗ ತೆಪ್ಪ ಯಾರೂ ಹತ್ತಲ್ಲ ಐತಣ್ಣ. ತೋಟದಲ್ಲಿ ಕೆಲ್ಸ ಇದ್ರೆ ಹೇಳಿ ಕಳಿಸ್ತೀನಿ" ಎಂದು ಫೋನು ಕಿವಿಗಿಟ್ಟುಕೊಂಡ. ಐತನಿಗೆ ನೋವಾಯಿತು, ಆದರೂ ಬೋಟು ತಂದವನು ಬೋಟು ಓಡಿಸುತ್ತಾನೆ ಎಂದುಕೊಂಡು ಸುಮ್ಮನಾದ.

ನಾಲ್ಕಾರು ದಿನ ಕಳೆದು ಒಂದು ಸಂಜೆ ಅವನು ಬಲೆ ಬಿಡಿಸುತ್ತಿದ್ದಾಗ ನೀರಿನ ಮೇಲೆ ಯಾರೋ ಜೋರಾಗಿ ಸುಬ್ಬರಾಯನ ಬೆಲ್ಲದ ಸುದ್ದಿ ಹೇಳುವುದು ಕೇಳಿಸಿತು. ತಲೆ ಎತ್ತಿ ನೋಡಿದರೆ ಬೋಟು. ಅದರ ಮೇಲೊಂದು ಸ್ಪೀಕರ್. ಒಳಗಿನ ದನಿ ಅವನದೇ. ತನ್ನ ಮಾತಿಗೆ ಜನ ನಕ್ಕದ್ದನ್ನು ಕೇಳಿ ಅವನಿಗೂ ಅರೆಗಳಿಗೆ ನಗು ಬಂತು. ಬಾವಿ ಆಯಿತು, ರಸ್ತೆ ಆಯಿತು. ಆಮೇಲೆ ಬೋಟು ಹಿತ್ತಲಿನ ಕಡೆಗೆ ತಿರುಗಿತು.

ಅಲ್ಲಿ ಎಂಜಿನ್ ನಿಲ್ಲಿಸಿದರು. ಐತನ ದನಿ ತಗ್ಗಿ, ತಡವರಿಸಿ, ಅಕ್ಕನ ಕತೆ ಹೇಳಿತು. ಕೊನೆಗೆ ಹೆಸರು ಹೇಳಿತು. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಕೇಳಬಾರದವರು ಈಗಾಗಲೇ ಸಾಕಷ್ಟು ಜನ ಕೇಳಿದ್ದಾರೆ. ಬೋಟಿನಲ್ಲಿ ಒಬ್ಬೊಬ್ಬರ ಕೈಗೂ ಒಂದೊಂದು ಸೇವಂತಿಗೆ ಕೊಟ್ಟಿದ್ದರು. ಅವರು ಅದನ್ನು ನೀರಿಗೆ ಬಿಟ್ಟು ಫೋಟೋ ತೆಗೆದುಕೊಂಡರು. ಹೋಂಸ್ಟೇ ಬಾಗಿಲಿನ ಬೋರ್ಡಿನಲ್ಲಿ, ಹಕ್ಕಿ ನೋಡುವುದು, ಸೂರ್ಯಾಸ್ತ, ಮೀನು ಫ್ರೈಗಳ ಕೆಳಗೆ ಅದನ್ನೂ ಬರೆಸಿದ್ದರು: ಮುಳುಗಿದ ಕಂದನಿಗೆ ಹೂವು ಬಿಡುವುದು.

ಐತ ಒದ್ದೆ ಬಟ್ಟೆಯಲ್ಲೇ ಹೋಗಿ ಷಡಕ್ಷರಿಯ ಎದುರು ನಿಂತ.

"ಆಣೆ ಹಾಕಿದ್ರಲ್ಲ ಸಾರ್?"

"ನಾನೆಲ್ಲಿ ಯಾರಿಗೆ ಹೇಳಿದೆ? ನೀನೇ ಹೇಳಿದ್ದು, ನಿಂದೇ ದನಿ. ಜನ ಅಲ್ಲಿ ಅಳ್ತಾರೆ ಗೊತ್ತಾ? ಒಳ್ಳೇ ರೀತಿಲಿ ತಗೋ ಮಾರಾಯ."

"ನಮ್ಮವ್ವ ಇನ್ನೂ ಬದುಕಿದಾಳೆ."

"ಹೌದಾ? ಹಂಗಾದ್ರೆ ಒಂದಿನ ಕರ್ಕೊಂಡು ಬಾ. ಬೋಟಲ್ಲಿ ಮುಂದಿನ ಸೀಟು ಕೊಡ್ತೀನಿ. ಜನರಿಗೂ ಖುಷಿ ಆಗುತ್ತೆ."

ಬೈದಿದ್ದರೆ, ಹೊಡೆದಿದ್ದರೆ ತಿರುಗಿಸಿ ಏನಾದರೂ ಅನ್ನಬಹುದಿತ್ತು. ಇವನು ನಂಬಿಸಿ ಕತ್ತು ಕೊಯ್ದು, ಮೇಲಿಂದ ಮುಂದಿನ ಸೀಟು ಕೊಡುತ್ತಾನೆ. ಎರಡು ವರ್ಷ ಅಣ್ಣ ಅಣ್ಣ ಎಂದದ್ದು ಇದಕ್ಕೇ ಎಂದು ಅವತ್ತು ಗೊತ್ತಾಯಿತು. ಮನೆಗೆ ಬಂದು ಕುಸುಮಾಳಿಗೆ ಎಲ್ಲ ಹೇಳಿದ. ಅವಳು ಷಡಕ್ಷರಿಯ ವಂಶಕ್ಕೆಲ್ಲ ಶಾಪ ಹಾಕಿದಳು. ಆಮೇಲೆ, "ಅತ್ತೆ ಕಿವಿಗೆ ಬಿದ್ರೆ ಎಂತ ಮಾಡೋದು?" ಎಂದಳು.

ಅವರಿಗೆ ಉಳಿದದ್ದು ಅದೊಂದೇ ಚಿಂತೆ. ಬೋಟು ಬರುವುದು ಸಂಜೆ ಐದಕ್ಕೆ, ಹಿತ್ತಲಿನ ಜಾಗ ಮನೆಯ ದಿಬ್ಬದಿಂದ ಕೂಗಳತೆಯಲ್ಲಿದೆ. ಅವತ್ತಿನಿಂದ ಐದಾಗುತ್ತಲೇ ಕುಸುಮಾ ಅತ್ತೆಯನ್ನು ಒಳಗೆ ಕೂರಿಸಿ ಟಿವಿ ಜೋರು ಮಾಡುತ್ತಿದ್ದಳು. ಐತ ಅಂಗಳದಲ್ಲಿ ಕೊಡಲಿ ಹಿಡಿದು ಸೌದೆ ಒಡೆಯುತ್ತಿದ್ದ. ಬೇಕಿಲ್ಲದ ಸೌದೆ ಗೋಡೆಯೆತ್ತರ ಬೆಳೆಯಿತು. ಕಮಲಕ್ಕ, "ಮೂರು ಮದುವೆ ಮಾಡೋ ಅಷ್ಟು ಆಯ್ತಲ್ಲೋ" ಎಂದು ನಗಾಡಿದಳು.

ಒಂದು ಭಾನುವಾರ ಕರೆಂಟು ಹೋಗಿತ್ತು. ಕುಸುಮಾ ತವರಿಗೆ ಹೋಗಿದ್ದಳು. ಐತ ಕೊಡಲಿ ಎತ್ತಿದ್ದನಷ್ಟೇ, ಕಾವು ಬಿರುಕು ಬಿಟ್ಟು ಅಲಗು ಕಳಚಿ ಬಿತ್ತು. ಗಾಳಿ ನೀರಿನ ಕಡೆಯಿಂದ ಬೀಸುತ್ತಿತ್ತು. ಜಗಲಿಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದ ಕಮಲಕ್ಕ ಕಿವಿ ನಿಮಿರಿಸಿದಳು.

"ಐತ, ನೀನು ಇಲ್ಲೇ ಇದೀಯಲ್ಲ. ಅಲ್ಲಿ ಮಾತಾಡ್ತಿರೋದು ಯಾರು?"

ಐತ ಓಡಿ ಬಂದು ಅವಳ ಕೈ ಹಿಡಿದು, "ಒಳಗೆ ಬಾ ಅವ್ವ, ಥಂಡಿ" ಎಂದ. ಅವಳು ಕೈ ಬಿಡಿಸಿಕೊಂಡಳು. ಕೊನೆತನಕ ಕೇಳಿದಳು. ಹೆಸರು ಬಂದಾಗ ಅವಳ ಬಾಯಿ ಅದೇ ಹೆಸರಿಗೆ ಅಲುಗಿತು. ಬೋಟಿನ ಜನ ಚಪ್ಪಾಳೆ ತಟ್ಟಿದ್ದು ದಡದ ತನಕ ಕೇಳಿಸಿತು.

ಐತ ಅವಳ ಕಾಲ ಬಳಿ ಕುಸಿದು ಕೂತು, ಷಡಕ್ಷರಿ ಮೋಸ ಮಾಡಿದ್ದನ್ನು, ಆಣೆ ಹಾಕಿದ್ದನ್ನು, ಮಗುಚಿಟ್ಟ ಮೊಬೈಲನ್ನು ಒಂದೇ ಉಸಿರಿಗೆ ಹೇಳಿದ. ಕಮಲಕ್ಕ ಎಲೆಯನ್ನು ಮಡಚಿ, ಬಾಯಿಗೆ ಹಾಕದೆ ಪಕ್ಕಕ್ಕಿಟ್ಟಳು.

"ಅವ್ನು ಯಾರೋ ಏನೋ. ಅವ್ನ ಮುಖಾನೂ ನಾ ಕಂಡಿಲ್ಲ" ಎಂದಳು. "ನಿನ್ನಪ್ಪಂಗೂ ನಾನು ಆ ಹೆಸ್ರು ಹೇಳಿರ್ಲಿಲ್ಲ ಐತ. ನಿಂಗೊಬ್ಬಂಗೆ ಹೇಳಿದ್ದೆ."