ಸುಣ್ಣದ ಗೆರೆಯ ಮನೆ

"ಇಲ್ಲಿ ನಿಂದರ್ರಿ ಯಕ್ಕಾ, ಇದು ನಿಮ್ಮ ಅಡಿಗಿ ಮನಿ. ಅಯ್ಯಯ್ಯ, ಕಾಲು ತೆಗೀರಿ, ಅದು ದೇವರ ಜಗಲಿ! ಮೂರು ವರ್ಷದ ಹಿಂದ ಇಲ್ಲಿ ಮೆಣಸಿನ ಗಿಡ ಇದ್ವು. ಈಗ ನೋಡ್ರಿ, ರಸ್ತಾ ಬಂತು, ಕರೆಂಟ್ ಕಂಬ ಬಂತು. ಮುಂದಿನ ಉಗಾದಿಗೆ ಈ ರೇಟು ಕನಸಿನಾಗೂ ಸಿಗಂಗಿಲ್ಲ." ಬಳ್ಳಾರಿಯಲ್ಲಿ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿರುವ ದಲ್ಲಾಳಿ ಹುಲುಗೇಶ ಕುರುಗೋಡು ರಸ್ತೆಯಲ್ಲಿ ಸೈಟು ತೋರಿಸುವುದು ಹೀಗೆ. ಬರೀ ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಕೋಣೆಗಳ ಗೆರೆ ಎಳೆಯುತ್ತಾನೆ. ಯಾರಾದರೂ ಗೆರೆ ತುಳಿದರೆ, "ಗ್ವಾಡಿ ಹಾಯಬ್ಯಾಡ್ರಿ, ಬಾಗಲದಿಂದ ಬರ್ರಿ" ಎಂದು ಗದರುತ್ತಾನೆ. ಸಿರುಗುಪ್ಪದ ಭತ್ತದ ಸಾಹುಕಾರರೊಬ್ಬರು ಇವನ ಮಾತಿಗೆ ಚಪ್ಪಲಿ ಬಿಟ್ಟು, ಉರಿಬಿಸಿಲಲ್ಲಿ ಆ ಇಲ್ಲದ ಮನೆಯೊಳಗೆ ಬರಿಗಾಲಲ್ಲಿ ನಿಂತಿದ್ದರಂತೆ. ಮೂಲೆಯ ಸೈಟು ಕೇಳಿದವರಿಗೆ ಮಾತ್ರ "ಅದು ಮಾರಾಟ ಆಗೇತ್ರಿ" ಎನ್ನುತ್ತಿದ್ದ. ಆಗಿರಲಿಲ್ಲ, ಹೆಂಡತಿ ಚೈತ್ರಾಗೆಂದು ಎರಡು ವರ್ಷದಿಂದ ಹಾಗೆ ಹೇಳಿ ಅದನ್ನು ಕಾಯ್ದಿಟ್ಟಿದ್ದ. ಅವಳು ಜೀನ್ಸ್ ಪ್ಯಾಂಟಿಗೆ ಜೇಬು ಹೊಲಿಯುತ್ತಾಳೆ, ಕೂಲಿ ಇದ್ದಲ್ಲೇ ಇದೆ. ಇವನ ನಾಲಿಗೆ ಏರಿಸುವ ರೇಟಿಗೆ ಅವಳ ಕೈ ಹೇಗೆ ಮುಟ್ಟೀತು? ಮೊನ್ನೆ ಲೇಔಟಿನ ಮಾಲೀಕರು ಆ ಮೂಲೆಯ ಸೈಟನ್ನೂ ಮಾರಿಬಿಟ್ಟರು, ಕೊಂಡವರಿಗೆ ಗೆರೆ ಎಳೆದು ತೋರಿಸಿದವನೂ ಇವನೇ. "ನನ್ನ ಅಡಿಗಿ ಮನಿ ಯಾ ಕಡಿ ಇಟ್ರಿ?" ಎಂದು ಚೈತ್ರಾ ಕೇಳಿದಳು. "ಮೂಡಲಕ್ಕ, ನೀ ಹೇಳಿದಂಗ" ಎಂದ. ಇಂದು ಬೆಳಿಗ್ಗೆ ಅವನ ಚೀಲದಲ್ಲಿ ಉಳಿದಿದ್ದ ಸುಣ್ಣದ ಪುಡಿ ತಂದು, ನಮ್ಮ ಅಂಗಳಕ್ಕೆ ನೀರು ಹೊಡೆದು, ಅವಳು ರಂಗೋಲಿ ಹಾಕಿದಳು.