ಕರಡಿಗೆ ಬಿಚ್ಚಿದ ದಿನ

ಆ ಬೇಸಿಗೆಯಲ್ಲಿ ನಮ್ಮತ್ತೆಗೆ ತಲೆಸುತ್ತು ಹೆಚ್ಚಾಯಿತು. ಎಡಗೈಯಲ್ಲಿ ಹಿಡಿದ ಲೋಟ ತಾನಾಗಿ ಜಾರಿ ಬೀಳುತ್ತಿತ್ತು. ತರೀಕೆರೆಯ ಡಾಕ್ಟರು ಹುಬ್ಬು ಗಂಟಿಕ್ಕಿಕೊಂಡು, ತಡ ಮಾಡಬೇಡಿ, ಶಿವಮೊಗ್ಗಕ್ಕೆ ಹೋಗಿ ತಲೆಯ ಎಂ.ಆರ್.ಐ. ಸ್ಕ್ಯಾನ್ ಮಾಡಿಸಿ ಅಂದರು. ಮರುದಿನವೇ ಅಜ್ಜಂಪುರದಿಂದ ಕಾರು ಮಾಡಿಕೊಂಡು ಹೊರಟೆವು. ದಾರಿಯುದ್ದಕ್ಕೂ ಅತ್ತೆ ಕೊರಳಿನ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದರು.

ಸ್ಕ್ಯಾನ್ ಕೋಣೆಯ ಬಾಗಿಲಲ್ಲಿ ನರ್ಸು ಓಲೆ, ಉಂಗುರ ಬಿಚ್ಚಿಸಿದಳು. ಅತ್ತೆ ಸುಮ್ಮನೆ ಕೊಟ್ಟರು. ಕರಡಿಗೆಗೆ ಕೈಹಾಕಿದಾಗ ಹಿಂದೆ ಸರಿದುಬಿಟ್ಟರು. ಆ ಬೆಳ್ಳಿ ಡಬ್ಬಿಯೊಳಗೆ ಇಷ್ಟಲಿಂಗ. ಅದು ಮೈಬಿಟ್ಟು ಹೋದರೆ ಜೀವವೂ ಇರಕೂಡದು ಅನ್ನುವ ಕಾಲದವರು ಅವರು. ಲಿಂಗವನ್ನಷ್ಟೇ ಬಟ್ಟೆಯಲ್ಲಿ ಕಟ್ಟಿಕೊಳ್ಳಲಿ ಅಂದೆ. ಮೈಮೇಲೆ ಏನೂ ಇರಬಾರದು ಅಂದಳು ನರ್ಸು.

ನನಗೋ ರೇಗಿಹೋಯಿತು. ಧರ್ಮ ಅನ್ನೋದು ಕಾಲಕ್ಕೆ ತಕ್ಕ ಹಾಗೆ ಬದಲಾಗಬೇಕು ಎಂದು ಊರಿಗೆಲ್ಲ ಭಾಷಣ ಬಿಗಿಯುವವಳು ನಾನು. ಅಲ್ಲಿಂದಲೇ ನಮ್ಮ ಮಠದ ಅಯ್ಯನವರಿಗೆ ಫೋನ್ ಮಾಡಿ, ಅತ್ತೆಗೂ ಕೇಳುವಂತೆ ಸ್ಪೀಕರ್ ಹಾಕಿದೆ. ಅವರು ಒಂದು ಗಳಿಗೆಯೂ ಯೋಚಿಸಲಿಲ್ಲ.

“ಅದಕ್ಕೇನಂತೆ ತಾಯಿ, ತೆಗೆದು ಸೊಸೆ ಕೈಲಿ ಕೊಡಿ. ಆಮೇಲೆ ಕಟ್ಕೊಂಡ್ರಾಯ್ತು” ಅಂದರು.

ಗೆದ್ದೆ ಅಂದುಕೊಂಡು ಅತ್ತೆಯ ಕಡೆ ನೋಡಿದರೆ, ಮುಖದಲ್ಲಿ ರಕ್ತವೇ ಇರಲಿಲ್ಲ.

“ಇಷ್ಟೇನಾ?” ಅಂದರು. “ನಿಮ್ಮಾವ ಆಪರೇಷನ್ ಬ್ಯಾಡ ಅಂತ ಆಸ್ಪತ್ರೆಯಿಂದ ಎದ್ದು ಬಂದ್ರು ಕಣೇ, ಲಿಂಗ ಬಿಚ್ಚಬೇಕಾಗ್ತದೆ ಅಂತ. ಡಾಕ್ಟ್ರು ಕೈಮುಗಿದು ಕೇಳ್ಕೊಂಡ್ರು. ಬಿಚ್ಬ್ಯಾಡಿ ಅಂದೋಳು ನಾನು.”

ಮಾವ ಹೊಟ್ಟೆನೋವಿನಲ್ಲಿ ನರಳಿ ಮನೆಯಲ್ಲೇ ತೀರಿಕೊಂಡರೆಂದಷ್ಟೇ ನನಗೆ ಗೊತ್ತಿತ್ತು. ಅದು ನಾನು ಸೊಸೆಯಾಗಿ ಬರುವುದಕ್ಕೆ ಮುಂಚಿನ ಮಾತು. ಆ ಕಾಲವೇ ಬೇರೆ ಅತ್ತೆ ಎಂದು ಏನೋ ತೊದಲಿದೆ. ಅದು ಅವರ ಕಿವಿಗೇ ಬೀಳಲಿಲ್ಲ. ಕೊರಳ ದಾರವನ್ನು ತಾವೇ ಬಿಚ್ಚಿ, ಕರಡಿಗೆಯನ್ನು ನನ್ನ ಅಂಗೈಗೆ ಹಾಕಿ, ತಿರುಗಿಯೂ ನೋಡದೆ ಒಳಗೆ ಹೋದರು.

ಯಂತ್ರ ಧಡಧಡ ಬಡಿದುಕೊಳ್ಳುವುದು ಹೊರಗೂ ಕೇಳುತ್ತಿತ್ತು. ಕರಡಿಗೆಯನ್ನು ಸೆರಗಿನಲ್ಲಿ ಸುತ್ತಿ ಎದೆಗೊತ್ತಿಕೊಂಡು ಕೂತೆ. ತಲೆಯೊಳಗೆ ಏನು ಕಾಣುತ್ತದೋ ಅನ್ನುವ ಭಯ ಒಂದು ಕಡೆ. ಅವರು ಇನ್ನು ಬದುಕಲು ಮನಸ್ಸು ಮಾಡುತ್ತಾರೋ ಇಲ್ಲವೋ ಅನ್ನುವ ಭಯ ಅದಕ್ಕಿಂತ ದೊಡ್ಡದಾಗಿ ಹತ್ತಿಕೊಂಡಿತು.

ಹೊರಗೆ ಬಂದ ಕೂಡಲೇ ಕರಡಿಗೆ ಚಾಚಿದೆ. ಮುಟ್ಟಲಿಲ್ಲ. ಮೈಮೇಲೆ ಲಿಂಗವಿಲ್ಲದೆ ತೊಟ್ಟು ನೀರನ್ನೂ ಬಾಯಿಗೆ ಬಿಡದ ಹೆಂಗಸು, ಕ್ಯಾಂಟೀನಿನಲ್ಲಿ ಇಡ್ಲಿ ತರಿಸಿಕೊಂಡು ನಿಧಾನವಾಗಿ ತಿನ್ನತೊಡಗಿದರು. ನನಗೆ ಅಳು ಬಂತು. ಕಟ್ಟಿಕೊಳ್ಳಿ ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ ಎಂದು ಗೋಗರೆದೆ.

“ಯಾತಕ್ಕೆ?” ಅಂದರು.