ಬೀಟೆ ಪೆಟ್ಟಿಗೆಯ ಬಿಗಿ ಮುಚ್ಚಳ

ನಾನು ಹುಟ್ಟು ಪುಕ್ಕಲ. ಕೊಳ್ಳೇಗಾಲದಲ್ಲಿ ಬೀಟೆ, ಹೊನ್ನೆ ಮರಗಳಲ್ಲಿ ಒಡವೆ ಪೆಟ್ಟಿಗೆ ಮಾಡಿ ಬದುಕುವ ನನಗೆ ಮರಕ್ಕಿಂತ ಅದರ ರಸೀದಿಯದೇ ಚಿಂತೆ. ಹಳೆ ಮನೆ ಕೆಡವಿದ ಕಡೆ ಮಂಚವನ್ನೋ ಬಾಗಿಲನ್ನೋ ಕೊಂಡರೆ ಅರಣ್ಯ ಇಲಾಖೆಯವರು ಕೇಳಿಯಾರೆಂದು ಚೀಟಿ ಬರೆಸಿಕೊಂಡು ಮೂರು ಕಡೆ ಜೆರಾಕ್ಸ್ ಇಡುತ್ತೇನೆ. ಹೆಂಡತಿ ನಗುತ್ತಾಳೆ. ನಗಲಿ. ಹಗ್ಗ ಕಂಡರೂ ಹಾವೆನ್ನುವವನು ನಾನು.

ಇಂಥವನಿಗೂ ಒಂದು ಜಂಬವಿತ್ತು, ಮುಚ್ಚಳದ ಜಂಬ. ಮೊಳೆಯಿಲ್ಲ, ತಿರುಗಣಿಯಿಲ್ಲ, ಅಂಚಿನಲ್ಲಿ ಕೊರೆದ ಸಂದಿನೊಳಗೆ ಪಕ್ಕದಿಂದ ಜಾರಿ ಕೂರುವ ಹಲಗೆ. ಮರ ಉಸಿರಾಡಲು ಕೂದಲೆಳೆಯಷ್ಟು ಜಾಗ ಬಿಡು ಎಂದು ಕೆಲಸ ಕಲಿಸಿದ ಅಪ್ಪ ಬಡಕೊಳ್ಳುತ್ತಿದ್ದರು. ಆದರೆ ಬಿಗಿಯಾಗಿ ಕೂತ ಮುಚ್ಚಳದ ಫೋಟೊವನ್ನು ಮೊಬೈಲಿನಲ್ಲಿ ಕಂಡವರೆಲ್ಲ ಹೊಗಳಿದ್ದೇ ಹೊಗಳಿದ್ದು. ಅಪ್ಪನ ಮಾತನ್ನು ಗಾಳಿಗೆ ತೂರಿಬಿಟ್ಟೆ.

ಯಳಂದೂರಿನಲ್ಲಿ ತಂಗಿಯ ಮಗಳ ಮದುವೆ ಬಂತು. ಎರಡು ತಾಳಿಗಳಲ್ಲಿ ತವರಿನ ತಾಳಿ ತರುವುದು ಸೋದರಮಾವನಾದ ನನ್ನ ಪಾಲು. ತಂಗಿಯನ್ನು ಕೊಟ್ಟ ಮನೆಯಲ್ಲಿ ಒಂದು ಕಟ್ಟಳೆ ಇದೆ. ಕಟ್ಟುವ ತನಕ ತಾಳಿಗೆ ಕಬ್ಬಿಣ ತಾಗಬಾರದು, ತಾಗಿದರೆ ಕಟ್ಟಿದವನಿಗೆ ಕೇಡು. ಮೊಳೆಯಿಲ್ಲದ ನನ್ನ ಪೆಟ್ಟಿಗೆ ಅವರಿಗೆ ಹೇಳಿ ಮಾಡಿಸಿದಂತಿತ್ತು. ಹನೂರಿನಲ್ಲಿ ಕೊಂಡ ಹಳೆ ಮಂಚದ ಬೀಟೆಯಲ್ಲಿ ಮಾಡಿದ ಪೆಟ್ಟಿಗೆಯನ್ನೂ ತಾಳಿಯನ್ನೂ ಮದುವೆಯ ಹಿಂದಿನ ದಿನ ತಂಗಿಯ ಕೈಗೆ ಕೊಟ್ಟೆ.

ಬೆಳಿಗ್ಗೆ ಛತ್ರದಲ್ಲಿ ಅವಳು ನನ್ನನ್ನು ಉಗ್ರಾಣಕ್ಕೆ ಎಳೆದುಕೊಂಡು ಹೋದಳು. ಮುಖ ಬಿಳುಚಿಕೊಂಡಿತ್ತು.

“ಅಣ್ಣ, ಮುಚ್ಚಳ ಬತ್ತಾನೇ ಇಲ್ಲ ಕಣಣ್ಣ.”

“ಏನ್ಮಾಡ್ದೆ?”

“ಮಡಿ ಆಗ್ಲಿ ಅಂತ ಅರಿಸ್ನದ್ ನೀರಲ್ಲಿ ತೊಳ್ದು, ತಾಳಿ ಮಡಗಿ ಮುಚ್ದೆ. ಅಷ್ಟೇಯ.”

ನೀರು ಕುಡಿದ ಮರ ರಾತ್ರಿಯೆಲ್ಲ ಉಬ್ಬಿ ಕಚ್ಚಿಕೊಂಡಿತ್ತು. ತಪ್ಪು ಅವಳದಲ್ಲ. ಕೂದಲೆಳೆ ಜಾಗ ಬಿಟ್ಟಿದ್ದರೆ ಮುಚ್ಚಳ ಜಾರುತ್ತಿತ್ತು. ಹೊರಗೆ ತಾಳಿಯ ತಟ್ಟೆಗಾಗಿ ಕಾಯುತ್ತಿದ್ದರು. ಹಿರಿಯರೆಲ್ಲ ಮುಟ್ಟಿ ಹರಸಿದ ಮೇಲೇ ಮುಹೂರ್ತ. ಮದುಮಗಳಿಗೆ ಅಲಂಕಾರ ಮಾಡಲು ಬಂದಿದ್ದ ಹೆಂಗಸಿನಿಂದ ಕೂದಲು ಒಣಗಿಸುವ ಮಿಷಿನ್ ಇಸಕೊಂಡು ಬಿಸಿಗಾಳಿ ಹಿಡಿದೆ. ಜಪ್ಪಯ್ಯ ಅಂದರೂ ಮುಚ್ಚಳ ಅಲ್ಲಾಡಲಿಲ್ಲ. ಬೆವರು ಕಣ್ಣಿಗಿಳಿಯಿತು. ಹುಡುಗಿಯ ತಾಳಿ ಪೆಟ್ಟಿಗೆಯಲ್ಲೇ ಸಿಕ್ಕಿಕೊಂಡಿತಂತೆ ಎಂಬ ಮಾತು ಗಂಡಿನ ಕಡೆಯವರ ಕಿವಿಗೆ ಬಿದ್ದರೆ ಅವಳ ಗತಿಯೇನು?

“ನೀ ಓಗು, ನಾ ತತ್ತೀನಿ” ಎಂದು ತಂಗಿಯನ್ನು ಕಳಿಸಿ ಚಿಲಕ ಹಾಕಿದೆ. ಅಲ್ಲಿದ್ದ ಮಣೆಯಿಂದ ಕುಟ್ಟಿ ನೋಡಿದೆ, ಬೀಟೆ ಬಿರಿಯಲಿಲ್ಲ. ಹೋದಲ್ಲೆಲ್ಲ ಕೈಚೀಲದಲ್ಲಿ ಒಂದು ಸಣ್ಣ ಉಳಿ ಇಟ್ಟುಕೊಂಡಿರುವುದು ನನ್ನ ಚಟ. ಅದನ್ನು ಮುಚ್ಚಳದ ಮೇಲೆ ನಿಲ್ಲಿಸಿದೆ. ಉಳಿಯ ಬಾಯಿ ಕಬ್ಬಿಣ. ಮದುಮಗ ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಜೀಪು ಓಡಿಸುವವನು, ಆನೆ ಅಡ್ಡ ಬರುವ ದಾರಿ ಅವನದು. ಬೇಡ ಬೇಡ ಎಂದುಕೊಳ್ಳುತ್ತಲೇ ಅದೇ ಮಣೆಯಿಂದ ಉಳಿಗೆ ಹೊಡೆದೆ. ಮೂರನೇ ಏಟಿಗೆ ಹಲಗೆ ಸೀಳಿತು. ಒಳಗಿನಿಂದ ‘ಟಿಣ್’ ಎಂದು ಸಣ್ಣ ಸದ್ದು ಬಂತು.

ಮಣೆಯಲ್ಲಿ ಕುಟ್ಟಿದೆ, ಒಡೆಯಿತು ಎಂದು ಎಲ್ಲರಿಗೂ ಹೇಳಿದೆ. ಉಳಿಯ ಸುದ್ದಿ ಎತ್ತಲಿಲ್ಲ. ಮದುವೆ ಸಾಂಗವಾಗಿ ಆಯಿತು. ಅಕ್ಷತೆ ಹಾಕುವಾಗ ಎಲ್ಲರೂ ಹುಡುಗಿಯನ್ನು ನೋಡುತ್ತಿದ್ದರು, ನಾನು ಹುಡುಗನನ್ನು ನೋಡುತ್ತಿದ್ದೆ.

ಇಂಥದ್ದರಲ್ಲಿ ನನಗೆ ನಂಬಿಕೆಯಿಲ್ಲ. ಭಯ ಮಾತ್ರ ಇದೆ. ಬೆಟ್ಟದ ದಾರಿಯಲ್ಲಿ ಆನೆ ನಿಂತಿದೆ ಎಂಬ ಸುದ್ದಿ ವಾಟ್ಸಾಪಿನಲ್ಲಿ ಬಂದರೆ ಸಾಕು, ಕೈಗೆ ಹಿಡಿದ ಕೆಲಸ ಕೆಡುತ್ತದೆ. ಏನಾದರೊಂದು ನೆಪ ತೆಗೆದು ಹುಡುಗನಿಗೆ ಫೋನು ಮಾಡುತ್ತೇನೆ. ಅವನು ಎತ್ತುವ ತನಕ ಉಸಿರು ಬಿಗಿಹಿಡಿದಿರುತ್ತೇನೆ. ಪಾಪ, ಹೆಣ್ಣು ಕೊಟ್ಟ ಕಡೆಯವರ ಅಕ್ಕರೆ ಎಂದುಕೊಂಡಿದ್ದಾನೆ ಅವನು.

ಮೊನ್ನೆ ಹುಡುಗಿ ನಮ್ಮ ಮನೆಗೆ ಬಂದಿದ್ದಳು. ನನ್ನ ಹೆಂಡತಿ ಕಾಫಿಗೆಂದು ಒಳಗೆ ಹೋಗುವುದನ್ನೇ ಕಾದಿದ್ದು, ಕೊರಳಿನಿಂದ ತಾಳಿ ಹೊರಗೆಳೆದು ತಿರುಗಿಸಿ ತೋರಿಸಿದಳು. ಹಿಂಬದಿಯಲ್ಲಿ ಒಂದು ನೇರ ಗೀರು.

“ಮಾವ, ಇದು ಉಳಿ ಏಟಾ?”

ಹೂಂ ಎಂದೆ.

“ಅವತ್ತೇ ನೋಡ್ದೆ. ಯಾರ್ಗೂ ಏಳಿಲ್ಲ. ಅವ್ರು ಕಾಡ್ಗೆ ಓದಾಗೆಲ್ಲ ಇದ್ನ ಇಡ್ಕಂಡೇ ಕೂತಿರ್ತೀನಿ. ಏನೂ ಆಗಕಿಲ್ಲ ಅಲ್ವಾ ಮಾವ?”

ಇಷ್ಟು ದಿನ ಈ ಭಯ ನನ್ನೊಬ್ಬನದೇ ಎಂದುಕೊಂಡಿದ್ದೆ. ಸೋದರಮಾವನಾಗಿ ಅವಳ ಕೊರಳಿಗೂ ಅದನ್ನೇ ಕಟ್ಟಿ ಕಳಿಸಿದ್ದೆ.

“ಏನೂ ಆಗಕಿಲ್ಲ ಕಣವ್ವ” ಎಂದೆ. ದನಿ ನಡುಗಿತು. ನನಗೆ ಸಮಾಧಾನವಾಗಲಿ ಎಂದು ಅವಳು ನಂಬಿದವಳಂತೆ ತಲೆಯಾಡಿಸಿದಳು.